ರೆಡ್ ಲಿಸ್ಟ್ ಜಾಲತಾಣ: ಕ್ಲಬ್‌ಟೇಲ್ ಹುಡುಕುವವರಿಗೆ ಎಷ್ಟು ಉಪಯೋಗ?

ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯವಿದೆ ಎಂದು ಪಟ್ಟಿ ಮಾಡುವ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ರೆಡ್ ಲಿಸ್ಟ್ ಜಾಲತಾಣದಲ್ಲಿ ‘ಕಾಮನ್ ಕ್ಲಬ್‌ಟೇಲ್’ ಎಂಬ ಡ್ರ್ಯಾಗನ್‌ಫ್ಲೈಯನ್ನು (ಏರೋಪ್ಲೇನ್ ಚಿಟ್ಟೆ) ಹುಡುಕಿದರೆ ಎಡವಟ್ಟು ಅಲ್ಲಿಂದಲೇ ಶುರು. ಭಾರತದ ಕೆರೆಗಳ ಬಳಿ ಕಡ್ಡಿ ತುದಿಯಲ್ಲಿ ಕೂರುವ ಇಕ್ಟಿನೋಗಾಂಫಸ್ ರೇಪ್ಯಾಕ್ಸ್‌ಗೂ ಅದೇ ಹೆಸರು, ಯುರೋಪಿನ ನದಿಗಳ ಗಾಂಫಸ್ ವಲ್ಗ್ಯಾಟಿಸಿಮಸ್‌ಗೂ ಅದೇ. ಆದ್ದರಿಂದ ವೈಜ್ಞಾನಿಕ ಹೆಸರನ್ನೇ ಟೈಪ್ ಮಾಡಿ.

ವಲ್ಗ್ಯಾಟಿಸಿಮಸ್ ಪುಟದಲ್ಲಿ ‘ಲೀಸ್ಟ್ ಕನ್ಸರ್ನ್’ (ಸದ್ಯಕ್ಕೆ ಆತಂಕವಿಲ್ಲ) ಎಂದಿದೆ. ಅಷ್ಟು ಓದಿ ಪುಟ ಮುಚ್ಚುವವರೇ ಹೆಚ್ಚು. ಅದು ಇಡೀ ಜಗತ್ತಿನ ಲೆಕ್ಕ. ಥೇಮ್ಸ್, ಸೆವರ್ನ್‌ನಂಥ ಕೆಲವೇ ನದಿಗಳಲ್ಲಿ ಇದು ಸಿಗುವ ಬ್ರಿಟನ್ನಿನ 2008ರ ಪಟ್ಟಿಯಲ್ಲಿ ಇದೇ ಕೀಟ ‘ನಿಯರ್ ಥ್ರೆಟನ್ಡ್’ (ಅಪಾಯದ ಹತ್ತಿರ). ಎರಡೂ ಸರಿ.

ಅಪಾಯದ ವರ್ಗ ಸಿಕ್ಕಿದ ಪ್ರಭೇದಗಳ ಪುಟದಲ್ಲಿ ‘ಬಿ1ಎಬಿ’ ಥರದ ಸಂಕೇತ ಕಾಣುತ್ತದೆ. ನಿಜವಾದ ವಿಷಯ ಇರುವುದು ಇಲ್ಲೇ. ‘ಬಿ1’ ಅಂದರೆ ಹರವು ಚಿಕ್ಕದು: ‘ವಲ್ನರಬಲ್’ (ಅಪಾಯಕ್ಕೆ ಸಿಲುಕಿದ) ಆಗಲು 20,000 ಚದರ ಕಿ.ಮೀ.ಗಿಂತ ಕಡಿಮೆ, ‘ಎಂಡೇಂಜರ್ಡ್’ (ಇನ್ನೂ ಹೆಚ್ಚಿನ ಅಪಾಯದ) ಆಗಲು 5,000ಕ್ಕಿಂತ ಕಡಿಮೆ ಇರಬೇಕು. ಅಷ್ಟೇ ಸಾಲದು. ‘ಎ’ ಅಂದರೆ ನೆಲೆಗಳು ಕೆಲವೇ ಅಥವಾ ಚೂರುಚೂರಾಗಿವೆ. ಕೊನೆಯ ‘ಬಿ’ ಅಂದರೆ ಹರವು, ಆವಾಸ ಅಥವಾ ಸಂಖ್ಯೆಯ ಇಳಿಕೆ ನಿಂತಿಲ್ಲ. ‘ಡೇಟಾ ಡೆಫಿಷಿಯಂಟ್’ ಎಂದಿದ್ದರೆ ಸುರಕ್ಷಿತ ಎಂದುಕೊಳ್ಳಬೇಡಿ. ಅಳೆಯುವಷ್ಟು ಮಾಹಿತಿ ಸಿಕ್ಕಿಲ್ಲ ಎಂದಷ್ಟೇ ಅದರರ್ಥ. 2021ರಲ್ಲಿ ಡ್ರ್ಯಾಗನ್‌ಫ್ಲೈ ಮತ್ತು ಡ್ಯಾಮ್ಸೆಲ್‌ಫ್ಲೈಗಳ 6,016 ಪ್ರಭೇದಗಳನ್ನು ತೂಗಿ ನೋಡಿದಾಗ ಶೇ. 16ರಷ್ಟು ಅಳಿವಿನ ಅಂಚಿನತ್ತ ಸಾಗಿರುವುದು ಕಂಡಿತ್ತು.

ನಕ್ಷೆಯದು ದೊಡ್ಡ ಕೊರತೆ. ಸಿಹಿನೀರಿನ ಜೀವಿಗಳಿಗೆ ಉಪನದಿಗಳ ಜಲಾನಯನವನ್ನೇ ಇಡಿಯಾಗಿ ಬಣ್ಣ ಬಳಿದಿರುತ್ತಾರೆ. ಬಣ್ಣವಿರುವ ಪ್ರತಿ ಹಳ್ಳದಲ್ಲೂ ಕೀಟ ಇದೆ ಎಂದು ಹೊರಟರೆ ಬರಿಗೈಯಲ್ಲಿ ವಾಪಸಾಗಬೇಕು. ಆವಾಸದ ವಿವರಣೆಯನ್ನು ಜೊತೆಗಿಟ್ಟುಕೊಂಡು ಓದಿ: ವಲ್ಗ್ಯಾಟಿಸಿಮಸ್ ಲಾರ್ವಾ ನದಿತಳದ ಹೂಳಿನಲ್ಲಿ ಹುದುಗಿ ವರ್ಷಗಟ್ಟಲೆ ಬೆಳೆಯುತ್ತದೆ. ತಳ ಬಗೆದು ಹೂಳೆತ್ತಿದರೆ ಹಲವು ವರ್ಷಗಳ ಪೀಳಿಗೆ ಒಟ್ಟಿಗೇ ಹೋಗುತ್ತದೆ. ರೆಕ್ಕೆ ಬಂದ ಕೀಟ ನೀರು ಬಿಟ್ಟು ಮರಗಳತ್ತ ಹಾರಿಬಿಡುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಲಾರ್ವಾ ಕಳಚಿಟ್ಟ, ದಡದ ಗಿಡಗಳಿಗೆ ಅಂಟಿಕೊಂಡ ಪೊರೆ ಹುಡುಕುವುದೇ ಲೇಸು. ಪೊರೆ ಸಿಕ್ಕರೆ ಕೀಟ ಅಲ್ಲೇ ಬೆಳೆದಿದೆ ಎಂದು ಖಾತ್ರಿ.

ಓದುವುದು ಪುಕ್ಕಟೆ; ನಕ್ಷೆಯ ಕಡತ ಇಳಿಸಿಕೊಳ್ಳಲು ಖಾತೆ ಬೇಕು. ಮೌಲ್ಯಮಾಪನದ ದಿನಾಂಕ ನೋಡಲು ಮರೆಯಬೇಡಿ. ಹತ್ತು ವರ್ಷ ದಾಟಿದ್ದಕ್ಕೆ ‘ನೀಡ್ಸ್ ಅಪ್‌ಡೇಟಿಂಗ್’ ಎಂಬ ಗುರುತು ಇರುತ್ತದೆ, ಆದರೆ ಅಪಾಯದ ವರ್ಗ ತೋರಿಸುವ ಕೆಂಪು-ಹಸಿರು ವೃತ್ತಗಳ ಅಬ್ಬರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.