ಎಂ-3ರಲ್ಲಿ ಎಫ್ ಬಂದವರು ಈ ಮೇಡಂ ಹತ್ತಿರ ಹೋಗಬಹುದು

ನನ್ನ ತಮ್ಮ ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿದವನು. ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್), ವಿಟಿಯು 2018ರ ಸ್ಕೀಮ್. ಮೂರನೇ ಸೆಮ್‌ನಲ್ಲಿ ಎಂ-3, ಅಂದರೆ ಮೂರನೇ ಗಣಿತ ಪೇಪರ್, ಎಫ್ (ಫೇಲ್) ಬಂದು ಬ್ಯಾಕ್ ಆಗಿ, ಮತ್ತೆ ಬರೆದು ಗ್ರೇಡ್ ಪಾಯಿಂಟ್ 4ರಲ್ಲಿ ಪಾಸಾದ. ಎಲ್ಲ ಸೆಮ್‌ಗಳ ಒಟ್ಟು ಸರಾಸರಿ, ಅಂದರೆ ಸಿಜಿಪಿಎ, 10ಕ್ಕೆ 7.2. ಈಗ ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕಂತೆ.

ಮೊದಲು ವಿದೇಶಕ್ಕೆ ಓದೋಕೆ ಕಳಿಸುವ ಒಂದು ಕನ್ಸಲ್ಟೆನ್ಸಿಯ ಏಸಿ ಹಾಕಿದ ಆಫೀಸಿಗೆ ಹೋಗಿದ್ದೆವು. ಬ್ಯಾಕ್ ಅಂದ ತಕ್ಷಣ ಅಲ್ಲಿನ ಹುಡುಗ ಮುಖ ಸಣ್ಣದು ಮಾಡಿಕೊಂಡು ಖಾಸಗಿ ಯೂನಿವರ್ಸಿಟಿಗಳ ಪಟ್ಟಿ ಮುಂದಿಟ್ಟ. ಫೀಸೆಲ್ಲ ಲಕ್ಷಗಳಲ್ಲಿ. ಕಮಿಷನ್ ಎಲ್ಲಿಂದ ಬರುತ್ತದೋ ಆ ಕಡೆಗೇ ಕೈ ತೋರಿಸುತ್ತಾರೆ, ಅಲ್ವಾ?

ಆಮೇಲೆ ಸಿಕ್ಕವರು ಮುಂದಿನ ಓದಿಗೆ ಸಲಹೆ ಕೊಡುವ, ವಿದ್ಯಾನಗರದ ಈ ಮೇಡಂ. ಮನೆಯ ಮಹಡಿ ಮೇಲೆ ಒಂದು ಟೇಬಲ್, ನಾಲ್ಕು ಕುರ್ಚಿ. ಬೋರ್ಡ್ ಇಲ್ಲ, ಹೆಸರು ಹಾಕಬೇಡಿ ಅಂದಿದ್ದಾರೆ. ಫೀಸು 500 ರೂಪಾಯಿ.

ಅವರು ಸಿಜಿಪಿಎ ಕೇಳಲೇ ಇಲ್ಲ. ಎಲ್ಲ ಸೆಮ್‌ಗಳ ಮಾರ್ಕ್ಸ್ ಕಾರ್ಡ್ ಸಾಲಾಗಿ ಹರಡಿಸಿಕೊಂಡರು. ಎಂ-3 ಮೇಲೆ ಒಂದು ಬೆರಳು, ಐದನೇ ಸೆಮ್‌ನ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಮೇಲೆ ಇನ್ನೊಂದು ಬೆರಳು. "ಎಂ-3ರಲ್ಲಿ ಇರೋದೇ ಫೋರಿಯರ್, ಝಡ್ ಟ್ರಾನ್ಸ್‌ಫಾರ್ಮ್. ಅದೇ ಇಲ್ಲಿ ಮತ್ತೆ ಬಂದಿದೆ, ಇಲ್ಲಿ 9 ತಗೊಂಡಿದ್ದೀಯ. ಇದನ್ನೇ ಬರೆ" ಅಂದರು. ಎಸ್‌ಒಪಿಯಲ್ಲಿ (ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆದು ಕೊಡುವ ಪತ್ರ) ಎರಡು ಸಾಲು ಸಾಕಂತೆ. ಜ್ವರ ಬಂದಿತ್ತು, ಲೆಕ್ಚರರ್ ಸರಿ ಇರಲಿಲ್ಲ ಅನ್ನೋ ಕಥೆ ಬೇಡವಂತೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳೋಳು. ಹಾಗಾಗಿ ಲೆಕ್ಕ ನಾನೂ ಹಾಕಿ ನೋಡಿದೆ. ಸರಾಸರಿಯಲ್ಲಿ ಪ್ರತಿ ವಿಷಯದ ತೂಕವೇ ಕ್ರೆಡಿಟ್. ಎಂ-3ಕ್ಕೆ 3 ಕ್ರೆಡಿಟ್, ಇಡೀ ಕೋರ್ಸಿಗೆ 175. ಅಲ್ಲಿ 4ರ ಬದಲು 8 ಬಂದಿದ್ದರೂ ಸಿಜಿಪಿಎ ಏರುತ್ತಿದ್ದದ್ದು 0.07ರಷ್ಟು. ಇಷ್ಟಕ್ಕೇ ನಮ್ಮಮ್ಮ ಆ ವರ್ಷ ಹಬ್ಬಕ್ಕೆ ಹೋಳಿಗೆ ಮಾಡಿರಲಿಲ್ಲ! ಜರ್ಮನಿಯವರು ನಮ್ಮ ಅಂಕವನ್ನು ಬವೇರಿಯನ್ ಸೂತ್ರದಲ್ಲಿ ತಮ್ಮ ಅಳತೆಗೆ ತರುತ್ತಾರೆ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ನಮ್ಮ ಕಡೆ ಪಾಸಿಗೆ 4 ಅಂತ ಹಿಡಿದರೆ 7.2 ಅಲ್ಲಿ 2.4 ಆಗುತ್ತದೆ. ತುಂಬಾ ಕೋರ್ಸುಗಳು 2.5ಕ್ಕೆ, ಅಂದರೆ ನಮ್ಮ 7ಕ್ಕೆ, ಗೆರೆ ಎಳೆಯುತ್ತವೆ. ಕೂದಲೆಳೆಯಲ್ಲಿ ಬಚಾವ್. ಸಿಜಿಪಿಎ 6.95 ಇದ್ದವನಿಗೆ ಮಾತ್ರ ಆ ಒಂದು ಎಂ-3 ನಿಜಕ್ಕೂ ಮುಳುವಾಗುತ್ತಿತ್ತು.

ಎಪಿಎಸ್ ಸರ್ಟಿಫಿಕೇಟಿನ (ನಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಸಲಿ ಅಂತ ಜರ್ಮನಿ ಕಡೆಯವರು ಪರಿಶೀಲಿಸಿ ಕೊಡುವ ಪತ್ರ) ವಿಷಯವನ್ನೂ ಮೇಡಂ ಅವರೇ ಹೇಳಿದರು. 2022ರ ನವೆಂಬರ್‌ನಿಂದ ಭಾರತದವರಿಗೆ ಅದು ಬೇಕು. ಏಸಿ ಆಫೀಸಿನ ಹುಡುಗ ಅದರ ಬಗ್ಗೆ ಬಾಯಿಯೇ ಬಿಟ್ಟಿರಲಿಲ್ಲ. ಇಲ್ಲೇ ಎಂಟೆಕ್ ಮಾಡೋದಾದರೆ ಎನ್‌ಐಟಿಗಳ ಎಂಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗಿಗೆ ಜನರಲ್‌ನವರಿಗೆ 6.5 ಸಿಜಿಪಿಎ ಸಾಕು, ಆಮೇಲೆ ಗೇಟ್ ಪರೀಕ್ಷೆಯ ಸ್ಕೋರೇ ಮಾತಾಡುತ್ತದೆ ಅಂದರು.

ಸರಿ ಅನ್ನಿಸದೇ ಇದ್ದದ್ದು ಅವರು ಕೊಟ್ಟ ಮಾದರಿ ಎಸ್‌ಒಪಿ. "ಬಾಲ್ಯದಿಂದಲೇ ಎಲೆಕ್ಟ್ರಾನಿಕ್ಸ್ ಮೇಲೆ ಒಲವು" ಅಂತ ಶುರುವಾಗುತ್ತದೆ. ನಮ್ಮವನು ಬಾಲ್ಯದಲ್ಲಿ ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸೋಕೆ ಬಾರದೆ ಏಟು ತಿಂದವನು. ಅದನ್ನು ಪಕ್ಕಕ್ಕಿಟ್ಟು ಅವನೇ ಸ್ವಂತ ಬರೆದ.

ಐದಕ್ಕೆ ನಾಲ್ಕು ಸ್ಟಾರ್. ಹೋಗೋರು ಫೇಲ್ ಆದ ಸೆಮ್‌ನ ಕಾರ್ಡೂ ಒಯ್ಯಿರಿ, ಅದಿಲ್ಲದೆ ಅವರು ಮಾತೇ ಶುರು ಮಾಡೋಲ್ಲ. ಗಾಡಿ ನಿಲ್ಲಿಸೋಕೆ ಜಾಗವಿಲ್ಲ, ಪಕ್ಕದ ಮನೆಯವರು ಬೈತಾರೆ.