ಕೈನಡುಕಕ್ಕೆ ಲಾಡ್ಜಿನಲ್ಲಿ ಕೊಡುವ ಪುಡಿ: ದಯವಿಟ್ಟು ಹುಷಾರು

ಹಾಸನದ ಬಸ್ ಸ್ಟ್ಯಾಂಡ್ ಕಡೆ ಓಡಾಡುವವರು ಗೋಡೆ ಮೇಲೆ ಇಂಥ ಚೀಟಿ ನೋಡಿರುತ್ತೀರಿ. "ಕೈನಡುಕ, ನರದೌರ್ಬಲ್ಯ, ಲಕ್ವಕ್ಕೆ ಗ್ಯಾರಂಟಿ ಆಯುರ್ವೇದ ಔಷಧಿ." ಕೆಳಗೊಂದು ಮೊಬೈಲ್ ನಂಬರ್, ಯಾವುದೋ ಲಾಡ್ಜಿನ ರೂಮ್ ನಂಬರ್. ಅದನ್ನು ನಂಬಿ ಹೋದ ನಮ್ಮ ದೊಡ್ಡಪ್ಪ ಐಸಿಯು ಸೇರಬೇಕಾಯಿತು.

ದೊಡ್ಡಪ್ಪನಿಗೆ ಪಾರ್ಕಿನ್ಸನ್ಸ್, ಅಂದರೆ ಕೈ ನಡುಗಿಸಿ ಮೈ ಬಿಗಿಸುವ ನರದ ಕಾಯಿಲೆ. ಸಕಲೇಶಪುರದ ಹತ್ತಿರ ತೋಟ. ಸುಮ್ನೆ ಕೂತಿದ್ದಾಗ ಬಲಗೈ ಹೆಬ್ಬೆರಳು, ತೋರುಬೆರಳು ಏನನ್ನೋ ಹೊಸೆಯುವ ಹಾಗೆ ಆಡುತ್ತಿದ್ದವು. ಆಳುಗಳ ಲೆಕ್ಕದ ಪುಸ್ತಕದಲ್ಲಿ ಅವರ ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಸಣ್ಣದಾಗಿ ಓದೋಕೇ ಬರುತ್ತಿರಲಿಲ್ಲ. ನರರೋಗದ ಡಾಕ್ಟರು ಲೆವೊಡೋಪಾ ಮಾತ್ರೆ ಕೊಟ್ಟ ಮೇಲೆ ಕಾಫಿ ಲೋಟ ಚೆಲ್ಲದೆ ಹಿಡಿಯುತ್ತಿದ್ದರು. ಆದರೆ ನಡುಕ ಪೂರ್ತಿ ಹೋಗಲಿಲ್ಲ ಅನ್ನೋ ಬೇಜಾರು.

ಲಾಡ್ಜಿನ 'ವೈದ್ಯರು' ನಾಡಿ ಹಿಡಿದು, "ಇದು ಕಂಪವಾತ. ಇಂಗ್ಲಿಷ್ ಮಾತ್ರೆಯಿಂದಲೇ ಜಾಸ್ತಿ ಆಗಿದೆ, ಇವತ್ತೇ ಬಿಟ್ಟುಬಿಡಿ ಯಜಮಾನ್ರೇ" ಅಂದರಂತೆ. ಕಂಪವಾತ ಅಂದರೆ ಇಂಥ ನಡುಕದ ಕಾಯಿಲೆಗೆ ಆಯುರ್ವೇದದ ಹೆಸರು. ಕೊಟ್ಟಿದ್ದು ರಬ್ಬರ್ ಬ್ಯಾಂಡ್ ಹಾಕಿದ ಬಿಳಿ ಕಾಗದದ ಪೊಟ್ಟಣಗಳು. ಒಳಗೆ ಕಂದು ಪುಡಿ. ಒಂದರಲ್ಲಿ ಚಮಚ ತುಂಬ, ಇನ್ನೊಂದರಲ್ಲಿ ಅದರ ಅರ್ಧ. ಹೆಸರಿಲ್ಲ, ಬ್ಯಾಚ್ ನಂಬರಿಲ್ಲ, ತಯಾರಿಕೆಯ ಲೈಸೆನ್ಸ್ ನಂಬರಿಲ್ಲ. ಬಿಲ್ ಕೇಳಿದರೆ "ಬಿಲ್ ಬರೆದರೆ ಔಷಧಿ ಗುಣ ಹೋಗುತ್ತೆ" ಅಂದರಂತೆ! ಎಂಥಾ ಔಷಧಿ ನೋಡಿ.

ಮಾತ್ರೆ ಬಿಟ್ಟ ಮೇಲೆ ಮೈ ಸೆಟೆದು ಮರದ ಹಾಗಾಯಿತು. ಮಗ್ಗುಲು ತಿರುಗಿಸೋಕೂ ಇಬ್ಬರು ಬೇಕು. ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಜ್ವರ ಏರಿತು. ದೊಡ್ಡಮ್ಮನನ್ನೇ "ಯಾರಮ್ಮ ನೀನು?" ಅಂದರು. ಫೋನ್ ಮಾಡಿದರೆ ಆ ಪುಣ್ಯಾತ್ಮ, "ಮೈಯೊಳಗಿನ ವಿಷ ಹೊರಗೆ ಬರ್ತಿದೆ, ಹೆದರಬೇಡಿ" ಅಂದ.

ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಯಾವ ಮಾತ್ರೆ ನಿಲ್ಲಿಸಿದಿರಿ?" ಲೆವೊಡೋಪಾ ದಿಢೀರನೆ ನಿಲ್ಲಿಸಿದರೆ ಹೀಗೇ ವಿಪರೀತ ಜ್ವರ, ಮೈ ಸೆಟೆತ, ಗೊಂದಲ ಬರಬಹುದು, ಜೀವಕ್ಕೂ ಕುತ್ತು ಎಂದು ಡಾಕ್ಟರು ಹೇಳಿದರು. ಮಾತ್ರೆ ಮತ್ತೆ ಶುರು ಮಾಡಿದರು. ದೊಡ್ಡಪ್ಪ ಉಳಿದರು, ಆದರೆ ಮೊದಲಿನ ನಡಿಗೆ ಬಂದಿಲ್ಲ.

ನನಗೆ ಆಯುರ್ವೇದದ ಮೇಲೆ ಸಿಟ್ಟಿಲ್ಲ. ಮೈಗೆ ತಾಗಿದರೆ ತುರಿಸಿ ಸಾಯಿಸುವ ನಸುಗುನ್ನಿ ಗೊತ್ತಲ್ವಾ? ಕಂಪವಾತಕ್ಕೆ ಆಯುರ್ವೇದದಲ್ಲಿ ಅದರ ಬೀಜ ಬಳಸುತ್ತಾರೆ. ಅದರಲ್ಲಿರುವುದೂ ಲೆವೊಡೋಪಾನೇ. 1937ರಲ್ಲೇ ದಾಮೋದರನ್, ರಾಮಸ್ವಾಮಿ ಎಂಬಿಬ್ಬರು ವಿಜ್ಞಾನಿಗಳು ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಅಂದರೆ ಅದು ನಿಜವಾದ ಔಷಧಿ, ಅಳತೆ ಬೇಕು. ಮಾತ್ರೆಯ ಜೊತೆಗೆ ತಾವೇ ಸೇರಿಸಿಕೊಂಡರೆ ಲೆವೊಡೋಪಾ ಜಾಸ್ತಿಯಾಗಿ ಕೈಕಾಲು ಬೇಡದ ಹಾಗೆ ಕುಣಿಯಬಹುದು, ವಾಂತಿ, ತಲೆಸುತ್ತು, ಭ್ರಮೆಯೂ ಬರಬಹುದು. ಲೇಬಲ್ ಇಲ್ಲದ ಪುಡಿಯಲ್ಲಿ ಎಷ್ಟಿದೆ, ಇದೆಯೋ ಇಲ್ಲವೋ, ಯಾರಿಗೆ ಗೊತ್ತು? ಸೀಸ, ಪಾದರಸ ಬೆರೆತಿರುವ ಭಯ ಬೇರೆ.

ಕೈ ನಡುಗಿದ್ದೆಲ್ಲಾ ಪಾರ್ಕಿನ್ಸನ್ಸ್ ಅಲ್ಲ. ಲೋಟ ಎತ್ತುವಾಗ, ಸಹಿ ಹಾಕುವಾಗ ಮಾತ್ರ ನಡುಗುವುದು ಬೇರೆ ಕಾಯಿಲೆ ಇರಬಹುದು. ಥೈರಾಯ್ಡ್‌ನಿಂದಲೂ ಬರುತ್ತೆ. ಮೊದಲು ನರರೋಗದ ಡಾಕ್ಟರಿಗೆ ತೋರಿಸಿ. ಆಯುರ್ವೇದ ಬೇಕೆಂದರೆ ನೋಂದಣಿ ಇರುವ ಬಿಎಎಂಎಸ್ ಡಾಕ್ಟರ ಹತ್ತಿರ ಹೋಗಿ, ಈಗ ನುಂಗುತ್ತಿರುವ ಮಾತ್ರೆಗಳನ್ನು ತೋರಿಸಿ. ಮನೆಯಲ್ಲಿ ಯಾರಾದರೂ ಆಗಲೇ ಮಾತ್ರೆ ಬಿಟ್ಟು, ಮೈ ಸೆಟೆದು ಜ್ವರ ಬಂದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಾತ್ರೆಯ ಸ್ಟ್ರಿಪ್, ಪುಡಿಯ ಪೊಟ್ಟಣ ಎರಡನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ.