ಮೂರು ಬಗೆಯ ಬೆಕ್ಕಿನ ಕೆಫೆ: ಸೇವೆ ಎಲ್ಲಿ ಚೆನ್ನ, ಬೆಕ್ಕಿಗೆ ಎಲ್ಲಿ ನೆಮ್ಮದಿ

ಬೆಕ್ಕಿನ ಕೆಫೆಗಳೆಲ್ಲ ಒಂದೇ ಥರ ಇರುವುದಿಲ್ಲ. 1998ರಲ್ಲಿ ತೈಪೆಯಲ್ಲಿ ಶುರುವಾಗಿ, 2004ರಲ್ಲಿ ಒಸಾಕಾಕ್ಕೆ ಬಂದು, ಜಪಾನಿನ ತುಂಬ ಹರಡಿ, 2010ರ ದಶಕದಲ್ಲಿ ಯುರೋಪು, ಅಮೆರಿಕಗಳಿಗೂ ದಾಟಿದ ಈ ವ್ಯವಹಾರ ಇವತ್ತು ಮುಖ್ಯವಾಗಿ ಮೂರು ಬಗೆಯಲ್ಲಿ ನಡೆಯುತ್ತಿದೆ. ಮೊದಲನೆಯದು ಗಂಟೆ ಲೆಕ್ಕದ ಕೆಫೆ. ಬೆಕ್ಕುಗಳು ಕೆಫೆಯವರದೇ, ಹೆಚ್ಚಿನವು ತಳಿ ಬೆಕ್ಕುಗಳು. ಕಾಫಿ, ಕೇಕು, ಬೆಕ್ಕು ಎಲ್ಲ ಒಂದೇ ಕೋಣೆಯಲ್ಲಿ. ಕೈಯಾರೆ ತಿನ್ನಿಸಲು ಟ್ರೀಟ್ ಬೇರೆ ಮಾರುತ್ತಾರೆ. ಎರಡನೆಯದು ದತ್ತು ಕೆಫೆ. ಆಶ್ರಯ ಕೇಂದ್ರದ ಬೆಕ್ಕುಗಳು ಅಲ್ಲಿರುತ್ತವೆ, ಮನೆ ಸಿಕ್ಕವು ಹೋಗುತ್ತವೆ, ಹೊಸವು ಬರುತ್ತವೆ. ಮೂರನೆಯದು ಗಾಜಿನ ಗೋಡೆಯ ಕೆಫೆ. ಈಚೆ ಮಾಮೂಲಿ ಕಾಫಿ ಅಂಗಡಿ, ಆಚೆ ಬೆಕ್ಕಿನ ಕೋಣೆ, ಒಳಹೋಗಲು ಮೊದಲೇ ಬುಕಿಂಗ್ ಮಾಡಿರಬೇಕು.

ಮೂರೂ ಬಗೆಯವುಗಳಲ್ಲಿ ಕೂತು ನೋಡಿದ ಮೇಲೆ ನಮ್ಮ ಮೊದಲ ಆಯ್ಕೆ ಗಾಜಿನ ಗೋಡೆಯದು, ಅದರಲ್ಲೂ ಬೆಕ್ಕುಗಳನ್ನು ದತ್ತು ಕೊಡುವಂಥದ್ದು. ಬರಿಯ ದತ್ತು ಕೆಫೆ ಎರಡನೆಯದು, ಗಂಟೆ ಲೆಕ್ಕದ್ದು ಕೊನೆಯದು. ಆದರೆ ಬಗೆ ಯಾವುದೇ ಇರಲಿ, ಮೊದಲು ನೋಡಬೇಕಾದ್ದು ಒಂದೇ: ಮನುಷ್ಯರ ಸಹವಾಸ ಸಾಕು ಅನ್ನಿಸಿದಾಗ ಬೆಕ್ಕು ಯಾರನ್ನೂ ಕಾಯದೆ ಎದ್ದು ಹೋಗಲು ಜಾಗ ಇದೆಯೇ? ಇಲ್ಲ ಎಂದಾದರೆ ಕಾಫಿ ಎಷ್ಟೇ ಚೆನ್ನಾಗಿರಲಿ, ಆ ಕೆಫೆಗೆ ಮತ್ತೆ ಹೋಗಬೇಡಿ.

ಎದ್ದು ಹೋಗುವ ಜಾಗ

ಆರೋಗ್ಯವಂತ ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುತ್ತದೆ. ಕೆಫೆ ತೆರೆದಿರುವ ಹೊತ್ತಿನ ಬಹುಪಾಲು ಅದರ ನಿದ್ದೆಯ ಹೊತ್ತೇ. ಹಾಗಾಗಿ ಗಿರಾಕಿಗಳಿಗೆ ಪ್ರವೇಶವೇ ಇಲ್ಲದ ಒಂದು ಕೋಣೆ ಇರಲೇಬೇಕು. ಅದರ ಬಾಗಿಲಲ್ಲಿ ಬೆಕ್ಕಷ್ಟೇ ನುಸುಳುವ ಕಿಂಡಿ ಇರಬೇಕು, ಒಳಗೆ ಪ್ರತ್ಯೇಕ ನೀರು, ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ), ಮಲಗುವ ಗೂಡು ಇರಬೇಕು. ಗಾಜಿನ ಗೋಡೆಯ ಕೆಫೆಗಳಲ್ಲಿ ಈ ಕೋಣೆ ಹೆಚ್ಚಾಗಿ ಕಾಣಸಿಗುತ್ತದೆ. ಕಟ್ಟುವಾಗಲೇ ಬೆಕ್ಕಿನ ಭಾಗವನ್ನು ಬೇರೆ ಮಾಡಿರುವುದರಿಂದ ಇನ್ನೊಂದು ಗೋಡೆ ಹಾಕುವುದು ಕಷ್ಟವಲ್ಲ. ಗಂಟೆ ಲೆಕ್ಕದ ಕೆಫೆಯಲ್ಲಿ ಕೋಣೆ ಇದ್ದರೂ ವ್ಯಾಪಾರದ ಹೊತ್ತಿನಲ್ಲಿ ಬಾಗಿಲು ಮುಚ್ಚಿರುತ್ತದೆ. ಕಾರಣ ಸರಳ: ದುಡ್ಡು ಕೊಟ್ಟು ಬಂದವರಿಗೆ ಬೆಕ್ಕು ಕಾಣಬೇಕಲ್ಲ.

ಜಪಾನಿನಲ್ಲಿ 2012ರಿಂದ ರಾತ್ರಿ 8ರ ನಂತರ ಪ್ರಾಣಿಗಳನ್ನು ಪ್ರದರ್ಶನಕ್ಕೆ ಇಡುವಂತಿಲ್ಲ. ಬೆಕ್ಕಿನ ಕೆಫೆಗಳಿಗೆ 10ರವರೆಗೆ ವಿನಾಯಿತಿ ಇದೆ, ಅದೂ ಒಂದು ವರ್ಷ ದಾಟಿದ ಬೆಕ್ಕುಗಳು ತಮ್ಮ ವಿಶ್ರಾಂತಿಯ ಜಾಗಕ್ಕೆ ಮನಸ್ಸು ಬಂದಾಗ ಹೋಗುವಂತಿದ್ದರೆ ಮಾತ್ರ. ಎದ್ದು ಹೋಗುವ ಸ್ವಾತಂತ್ರ್ಯವನ್ನೇ ಷರತ್ತಾಗಿ ಇಟ್ಟಿರುವ ಈ ನಿಯಮ ಎಲ್ಲ ಕಡೆಗೂ ಮಾದರಿಯಾಗಬೇಕು.

ಕೋಣೆಯೊಳಗಿನ ಎತ್ತರದ ಹಲಗೆಗಳನ್ನೂ ಗಮನಿಸಿ. ನಿಂತ ಮನುಷ್ಯನ ಕೈಗೆ ಎಟುಕದಷ್ಟು ಎತ್ತರ ಬೇಕು, ಇಳಿಯಲು ಎರಡು ದಾರಿ ಬೇಕು. ಒಂದೇ ದಾರಿಯಿದ್ದರೆ ಜೋರಿನ ಬೆಕ್ಕೊಂದು ಕೆಳಗೆ ಕೂತು ಮೇಲಿನದನ್ನು ಗಂಟೆಗಟ್ಟಲೆ ಅಲ್ಲೇ ಕಟ್ಟಿಹಾಕುತ್ತದೆ. ಜಗಳ ಕಾಣಿಸುವುದಿಲ್ಲ, ಸದ್ದೂ ಇರುವುದಿಲ್ಲ, ಗಿರಾಕಿಗೆ ಎರಡೂ ಹಾಯಾಗಿ ಕೂತಂತೆ ತೋರುತ್ತವೆ. ಅಡಗುವ ಡಬ್ಬಗಳಿಗೂ ಇದೇ ಮಾತು. ಎರಡು ಬಾಯಿ ಇರಬೇಕು.

ಲಿಟರ್ ಟ್ರೇ ಹೇಳುವ ಸತ್ಯ

ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿಗೆ ಇರಬೇಕು, ಅವು ಬೇರೆಬೇರೆ ಕಡೆ ಇರಬೇಕು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. 12 ಬೆಕ್ಕಿದ್ದರೆ 13 ಟ್ರೇ. ಪರದೆಯ ಹಿಂದೆ ಸಾಲಾಗಿ ನಾಲ್ಕು ಟ್ರೇ ಇಟ್ಟು 12 ಬೆಕ್ಕು ಸಾಕಿದ್ದರೆ ಅದು ಬೆಕ್ಕಿನ ಪಾಲಿಗೆ ಹೆಚ್ಚುಕಡಿಮೆ ಒಂದೇ ಟ್ರೇ ಇದ್ದಂತೆ. ಸಾಲಿನ ಮುಂದೆ ಒಂದು ಬೆಕ್ಕು ಕಾವಲು ಕೂತರೆ ನಾಲ್ಕೂ ಬಂದ್. ಆಗ ಅಂಜುಬುರುಕ ಬೆಕ್ಕು ಉಚ್ಚೆ ಕಟ್ಟಿಕೊಳ್ಳುತ್ತದೆ ಅಥವಾ ಸೋಫಾದ ಮೇಲೆ ಹೊಯ್ಯುತ್ತದೆ. ಒತ್ತಡದಿಂದ ಬೆಕ್ಕುಗಳಿಗೆ ಮೂತ್ರಕೋಶದ ಉರಿಯೂತ ಬರುವುದುಂಟು. ಗಂಡು ಬೆಕ್ಕಿನಲ್ಲಿ ಅದು ಮೂತ್ರನಾಳವೇ ಕಟ್ಟಿಕೊಳ್ಳುವ ಮಟ್ಟಕ್ಕೆ ಹೋದರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ.

ಬಾಗಿಲು ತೆರೆದ ಕ್ಷಣ ಮೂಗಿಗೆ ಅಮೋನಿಯ ಹೊಡೆದರೆ ಕೂರುವ ಮೊದಲೇ ಹೊರಬನ್ನಿ. ನಿಂತವರ ಮೂಗಿಗೇ ಹಾಗಿದ್ದರೆ ನೆಲದ ಮಟ್ಟದಲ್ಲಿ ಟ್ರೇ ಪಕ್ಕದಲ್ಲೇ ಇರುವ ಬೆಕ್ಕಿನ ಗತಿ ಯೋಚಿಸಿ. ಅದಕ್ಕಿಂತ ಹೆಚ್ಚು ಅನುಮಾನ ಪಡಬೇಕಾದ್ದು ಗಮ್ಮೆನ್ನುವ ರೂಮ್ ಫ್ರೆಶ್‌ನರ್ ಅಥವಾ ಸುಗಂಧ ತೈಲದ ಡಿಫ್ಯೂಸರ್ ಕಂಡಾಗ. ಈ ತೈಲಗಳಲ್ಲಿನ ಹಲವು ಅಂಶಗಳನ್ನು ವಿಷಮುಕ್ತ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಟೀ ಟ್ರೀ ಎಣ್ಣೆಯಂತೂ ನಿಜಕ್ಕೂ ವಿಷ. ಮೇಜಿನ ಹೂದಾನಿಯಲ್ಲಿ ಲಿಲಿ ಇದ್ದರೆ ತಕ್ಷಣ ಸಿಬ್ಬಂದಿಗೆ ಹೇಳಿ. ಅದರ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಹಾಳಾಗುತ್ತದೆ.

ಟ್ರೀಟ್ ಮಾರಾಟದ ಲೆಕ್ಕ

ಗಂಟೆ ಲೆಕ್ಕದ ಕೆಫೆಯ ದೊಡ್ಡ ಆಕರ್ಷಣೆ ಇದು. ಟ್ರೀಟ್ ಹಿಡಿದರೆ ಐದಾರು ಬೆಕ್ಕು ಮೈಮೇಲೆ ಬರುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ. ಈಗ ಲೆಕ್ಕ ನೋಡಿ. ಸುಮಾರು 4 ಕಿಲೋ ತೂಗುವ, ಮನೆಯೊಳಗಿನ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ಟ್ರೀಟ್ ಅದರಲ್ಲಿ ಹತ್ತನೆಯ ಒಂದು ಪಾಲು ಮೀರಬಾರದು, ಅಂದರೆ 20ರಿಂದ 25. ಹಿಂಡಿ ನೆಕ್ಕಿಸುವ ಚಿಕ್ಕ ಟ್ಯೂಬ್ ಒಂದರಲ್ಲಿ ಸುಮಾರು 6-7 ಕ್ಯಾಲೊರಿ ಇರುತ್ತದೆ. ಮೂರು ಟ್ಯೂಬಿಗೆ ಒಂದು ಬೆಕ್ಕಿನ ದಿನದ ಪಾಲು ಮುಗಿಯಿತು. ದಿನವಿಡೀ ಬರುವ ಗಿರಾಕಿಗಳು ಒಬ್ಬೊಬ್ಬರೂ ಒಂದೊಂದು ಟ್ಯೂಬ್ ಕೊಂಡರೆ ಮುನ್ನುಗ್ಗುವ ಬೆಕ್ಕುಗಳು ಬೊಜ್ಜು, ಭೇದಿ, ಮುಂದೆ ಸಕ್ಕರೆ ಕಾಯಿಲೆ ಎಂದು ಸಾಗುತ್ತವೆ. ಹಿಂದೆ ಸರಿಯುವವಕ್ಕೆ ಏನೂ ಸಿಗುವುದಿಲ್ಲ. ಇದನ್ನು ಸರಿದೂಗಿಸಲು ಊಟವನ್ನೇ ಕಡಿತ ಮಾಡುವವರೂ ಇದ್ದಾರೆ. ಟ್ರೀಟ್ ಮುಗಿದೊಡನೆ ಬೆಕ್ಕುಗಳೆಲ್ಲ ಚದುರಿ, ಮುಂದಿನ ಟ್ರೀಟ್ ಕಪ್ಪಿನ ಸದ್ದಿಗೆ ಮತ್ತೆ ಓಡಿ ಬಂದು, ಒಂದನ್ನೊಂದು ತಳ್ಳಿ, ಕೈ ಪರಚುತ್ತಿದ್ದರೆ ಅದು ಪ್ರೀತಿಯಲ್ಲ, ಹಸಿವು.

ಉಳಿದೆರಡು ಬಗೆಯಲ್ಲಿ ಟ್ರೀಟನ್ನು ಹೆಚ್ಚಾಗಿ ಸಿಬ್ಬಂದಿಯೇ ಕೊಡುತ್ತಾರೆ, ಗಿರಾಕಿಗೆ ಗರಿ ಕಟ್ಟಿದ ಆಟದ ಕೋಲು ಕೊಡುತ್ತಾರೆ. ಇದು ಎಷ್ಟೋ ಮೇಲು. ಆಟ ಹತ್ತು ನಿಮಿಷ ಮೀರದಿರಲಿ, ಕೊನೆಯಲ್ಲಿ ಬೆಕ್ಕಿಗೆ ಗರಿ ಸಿಗಲಿ. ಲೇಸರ್ ಚುಕ್ಕಿ ಬೇಡ, ಹಿಡಿಯಲು ಏನೂ ಸಿಗದೆ ಬೆಕ್ಕು ಕಂಗೆಡುತ್ತದೆ. ದಾರ ಬಿಟ್ಟು ಹೋಗಬೇಡಿ. ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ದುಬಿಡುತ್ತದೆ.

ತಳಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಮುದ್ದಾಗಿ ಕಾಣುತ್ತದೆ, ನಿಜ. ಆದರೆ ಕಿವಿ ಮಡಚುವಂತೆ ಮಾಡುವ ವಂಶವಾಹಿಯ ದೋಷವೇ ಮೈಯ ಕೀಲುಗಳ ಮೃದ್ವಸ್ಥಿಯನ್ನೂ ಕೆಡಿಸುತ್ತದೆ. ಕಿವಿ ಮಡಚಿದೆ ಎಂದರೆ ಆ ರೋಗ ಇದೆ ಎಂದೇ ಅರ್ಥ. ನೆದರ್ಲೆಂಡ್ಸ್‌ನಲ್ಲಿ ಈ ತಳಿಯ ಸಂತಾನ ಬೆಳೆಸುವಂತಿಲ್ಲ. ಚಪ್ಪಟೆ ಮುಖದ ಪರ್ಷಿಯನ್, ಎಕ್ಸಾಟಿಕ್ ಬೆಕ್ಕುಗಳಿಗೆ ಉಸಿರಾಟದ ಕಷ್ಟ, ಸದಾ ಕಣ್ಣೀರು. ಇಂಥವನ್ನೇ ಫಲಕದಲ್ಲಿ ಹಾಕಿ ಕರೆಯುವ ಕೆಫೆಗೆ ನಮ್ಮ ದುಡ್ಡು ಹೋಗಬಾರದು.

ದತ್ತು ಕೆಫೆ: ಉದ್ದೇಶ ದೊಡ್ಡದು, ಅಪಾಯವೂ ಇದೆ

ಇಲ್ಲಿ ಬೆಕ್ಕು ಜೀವನಪೂರ್ತಿ ಗಿರಾಕಿಗಳ ನಡುವೆ ಇರಬೇಕಿಲ್ಲ. ಅದು ಬಹಳ ದೊಡ್ಡ ಸಂಗತಿ. ತೊಂದರೆ ಇರುವುದು ಹೊಸ ಬೆಕ್ಕು ಬರುತ್ತಲೇ ಇರುವುದರಲ್ಲಿ. ಪ್ರತಿ ಹೊಸಬರ ಜೊತೆ ಗುಂಪಿನ ವಾಸನೆ, ಜಾಗದ ಹಂಚಿಕೆ ಬದಲಾಗುತ್ತದೆ. ಬೆಕ್ಕುಗಳಲ್ಲಿ ಸೀನು, ಕಣ್ಣಿನ ಉರಿ ತರುವ ಹರ್ಪಿಸ್ ವೈರಸ್ ಬಹುಮಟ್ಟಿಗೆ ಮೈಯೊಳಗೇ ಉಳಿದು, ಒತ್ತಡವಾದ ಸುಮಾರು ಒಂದು ವಾರಕ್ಕೆ ಮತ್ತೆ ಹೊರಬರುತ್ತದೆ. ಒಂದು ಬೆಕ್ಕು ಸೀನಿದರೆ ನೆಗಡಿ ಎನ್ನಬಹುದು, ಮೂರ್ನಾಲ್ಕು ಸೀನುತ್ತಾ ಕಣ್ಣು ಕಿರಿದು ಮಾಡಿ ಕೂತಿದ್ದರೆ ಆ ಕೋಣೆಯಲ್ಲಿ ಒತ್ತಡವೂ ಇದೆ, ಸೋಂಕೂ ಇದೆ.

ಒಳ್ಳೆಯ ದತ್ತು ಕೆಫೆಯವರು ಹೊಸ ಬೆಕ್ಕನ್ನು ಬೇರೆ ಕಟ್ಟಡದಲ್ಲಿ ಅಥವಾ ಗಾಳಿ ಬೆರೆಯದ ಬೇರೆ ಕೋಣೆಯಲ್ಲಿ ಎರಡು ವಾರ ಇಡುತ್ತಾರೆ. ಲ್ಯುಕೇಮಿಯಾ ವೈರಸ್ ಮತ್ತು ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಪರೀಕ್ಷೆ, ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಹುಳುಕಡ್ಡಿ ತಪಾಸಣೆ ಮುಗಿದ ಮೇಲೆ ಗುಂಪಿಗೆ ಬಿಡುತ್ತಾರೆ. ಲಸಿಕೆಯ ಸರಣಿ ಮುಗಿಯದ ಮರಿಗಳನ್ನು ಗಿರಾಕಿಗಳ ಕೋಣೆಗೆ ತರುವುದೇ ಇಲ್ಲ. ಯಾಕೆಂದರೆ ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ನೆಲದ ಮೇಲೆ, ಬಟ್ಟೆಯ ಮೇಲೆ ಒಂದು ವರ್ಷದವರೆಗೂ ಉಳಿಯಬಲ್ಲದು. ಬಾಗಿಲಲ್ಲಿ ಇಟ್ಟಿರುವ ಆಲ್ಕೊಹಾಲ್ ಸ್ಯಾನಿಟೈಸರ್ ಅದನ್ನು ಕೊಲ್ಲುವುದಿಲ್ಲ. ಸಾಬೂನು, ಹರಿಯುವ ನೀರು, 20 ಸೆಕೆಂಡ್ ತಿಕ್ಕುವುದು, ಇಷ್ಟಕ್ಕೂ ವ್ಯವಸ್ಥೆ ಇರುವ ಕೆಫೆಯನ್ನೇ ಆರಿಸಿ. ನೆಲಕ್ಕಾದರೆ ಕೊಳೆ ತೊಳೆದ ಮೇಲೆ ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಬೇಕು.

ಕೇಳಲು ಸಂಕೋಚ ಬೇಡ: ಹೊಸ ಬೆಕ್ಕನ್ನು ಎಲ್ಲಿ ಇಡುತ್ತೀರಿ? ಇಲ್ಲಿ ಹೊಂದಿಕೊಳ್ಳದ ಬೆಕ್ಕನ್ನು ಏನು ಮಾಡುತ್ತೀರಿ? ಅತಿ ಹೆಚ್ಚು ದಿನದಿಂದ ಇರುವ ಬೆಕ್ಕು ಯಾವುದು? ಹೆಚ್ಚಿನವು ವರ್ಷಗಟ್ಟಲೆ ಅಲ್ಲೇ ಇದ್ದರೆ ಅದು ಗಂಟೆ ಲೆಕ್ಕದ ಕೆಫೆಯೇ, ದತ್ತು ಎಂಬುದು ಬರೀ ಫಲಕ. ನೋಡಿದ ದಿನವೇ ಬೆಕ್ಕನ್ನು ಕೈಗೆ ಕೊಟ್ಟು ಕಳಿಸಿದರೂ ಅನುಮಾನಪಡಿ. ಅರ್ಜಿ, ಮಾತುಕತೆ, ಮನೆಯ ಪರಿಶೀಲನೆಗೆ ತಗಲುವ ದಿನಗಳನ್ನು ಸೇವೆಯ ವಿಳಂಬ ಎಂದು ದೂರುವುದು ತಪ್ಪು.

ಗಾಜಿನ ಗೋಡೆಯಿಂದ ಆಗುವುದು, ಆಗದಿರುವುದು

ಕಾಫಿ ರುಬ್ಬುವ ಯಂತ್ರ, ಹಾಲು ನೊರೆಯೇಳಿಸುವ ಉಗಿಯ ಸದ್ದು ಆಚೆ ಉಳಿಯುತ್ತದೆ. ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿಗೆ 60 ಕಿಲೋಹರ್ಟ್ಸ್ ದಾಟಿಯೂ ಕೇಳುತ್ತದೆ, ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ. ತಿಂಡಿಯಲ್ಲಿ ಕೂದಲು ಬೀಳುವುದಿಲ್ಲ. ಬೆಕ್ಕಿಗೆ ವಿಷವಾದ ಕಾಫಿ, ಚಾಕೊಲೇಟ್, ಈರುಳ್ಳಿ ಹಾಕಿದ ತಿಂಡಿ ಅದರ ಬಾಯಿಗೆ ಎಟುಕುವುದಿಲ್ಲ. ಒಂದು ಬಾಗಿಲು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುವ ಜೋಡಿ ಬಾಗಿಲಿಗೂ ಜಾಗ ಸಿಗುತ್ತದೆ, ಬೆಕ್ಕು ಬೀದಿಗೆ ನುಗ್ಗುವ ಭಯವಿಲ್ಲ.

ದೋಷಗಳೂ ಇವೆ. ಪಾನೀಯಕ್ಕೊಂದು, ಕೋಣೆಗೊಂದು ಎಂದು ಎರಡು ಬಿಲ್. ಗಾಜು ತಟ್ಟುವವರ ಕಾಟ. ಕಾಫಿ ಅಂಗಡಿಯ ಜನಜಂಗುಳಿ ಇಡೀ ದಿನ ಬೆಕ್ಕಿನ ಕಣ್ಣಿಗೆ ಬೀಳುತ್ತದೆ. ಗಾಜಿನ ಕೆಳಭಾಗಕ್ಕೆ ಆಚೆ ಕಾಣದಂತೆ ಮಂಜು ಹಾಳೆ ಅಂಟಿಸಿದ್ದರೆ ಅದು ತಿಳಿದವರ ಕೆಲಸ.

ಯಾವ ದೂರು ಸರಿ, ಯಾವುದು ಅಲ್ಲ

‘ಎಲ್ಲ ಬೆಕ್ಕೂ ಮಲಗಿದ್ದವು’, ‘ಎತ್ತಿಕೊಳ್ಳಲು ಬಿಡಲಿಲ್ಲ’, ‘ಚಿಕ್ಕ ಮಕ್ಕಳನ್ನು ಒಳಗೆ ಬಿಡಲಿಲ್ಲ’, ಇವು ಕೆಫೆ ಚೆನ್ನಾಗಿದೆ ಎನ್ನುವುದಕ್ಕೆ ಪುರಾವೆ. ಆಡುವ ಬೆಕ್ಕು ಬೇಕಿದ್ದರೆ ಬೆಳಿಗ್ಗೆ ತೆರೆದ ಕೂಡಲೇ ಅಥವಾ ಮುಸ್ಸಂಜೆಗೆ ಹೋಗಿ, ಅವು ಚುರುಕಾಗುವ ಹೊತ್ತು ಅದು. ರಜಾ ದಿನ ಬೇಡ.

ದೂರಬೇಕಾದ್ದು ಬೇರೆ ಇದೆ. ಸಿಬ್ಬಂದಿಯೆಲ್ಲ ಕೌಂಟರಿನಲ್ಲಿದ್ದು ಬೆಕ್ಕಿನ ಕೋಣೆಯಲ್ಲಿ ಒಬ್ಬರೂ ಇಲ್ಲದಿರುವುದು. ಬುಕಿಂಗ್ ಭರ್ತಿಯಾದ ಮೇಲೂ ನೇರ ಬಂದವರನ್ನು ತುಂಬಿಸುವುದು. ಬೆಕ್ಕುಗಳಿಗಿಂತ ಮನುಷ್ಯರು ಹೆಚ್ಚಾಗಬಾರದು ಎಂಬುದು ನಾವು ಇಟ್ಟುಕೊಂಡ ಅಳತೆ. ನಿಯಮ ವಿವರಿಸುವ ಹತ್ತು ನಿಮಿಷವನ್ನು ಗಿರಾಕಿಯ ಸಮಯದಿಂದಲೇ ಕಳೆಯುವುದು. ಈ ಮೂರೂ ದೂರುಗಳ ಬೇರು ಒಂದೇ, ಸಿಬ್ಬಂದಿ ಸಾಲದು. ಜನ ಸಾಕಷ್ಟಿದ್ದರೆ ಬೆಕ್ಕಿಗೂ ಕಾವಲು, ಗಿರಾಕಿಗೂ ಗಮನ ಸಿಗುತ್ತದೆ.

ಬೆಕ್ಕನ್ನು ಓದಲು ಐದು ನಿಮಿಷ ಕೊಡಿ. ಪಕ್ಕಕ್ಕೆ ವಾಲಿ, ಹೊಟ್ಟೆ ಸಡಿಲ ಬಿಟ್ಟು ಮಲಗಿದ್ದರೆ ನಿಜವಾದ ನಿದ್ದೆ. ನಾಲ್ಕೂ ಕಾಲು ಮೈಯಡಿ ಬಿಗಿದು, ತಲೆ ಭುಜಕ್ಕಿಂತ ತಗ್ಗಿಸಿ, ಅರೆಗಣ್ಣಿನಲ್ಲಿ ಕೂತಿದ್ದರೆ ನೋವು ಅಥವಾ ಭಯ. ಬೆಕ್ಕಿನ ಮುಖದಲ್ಲಿ ನೋವು ಗುರುತಿಸಲು 2019ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಳತೆಯಲ್ಲಿ ಕಿವಿ, ಕಣ್ಣು, ಮೂತಿಯ ಬಿಗಿತ, ಮೀಸೆ, ತಲೆಯ ಮಟ್ಟ ಇವೇ ಐದು ಅಂಶಗಳು. ಹೊಟ್ಟೆಯ ಅಡಿ ಕೂದಲು ಬೋಳಾಗಿದ್ದರೆ ಒತ್ತಡದಿಂದ ಅತಿಯಾಗಿ ನೆಕ್ಕಿಕೊಂಡಿರಬಹುದು. ನಿಧಾನವಾಗಿ ಕಣ್ಣು ಮಿಟುಕಿಸಿ, ಬೆರಳು ಚಾಚಿ, ಕಾಯಿರಿ. ಬಂದರೆ ಕೆನ್ನೆ, ಗಲ್ಲ ಮೂರು ಸೆಕೆಂಡ್ ಸವರಿ ನಿಲ್ಲಿಸಿ; ಮತ್ತೆ ತಲೆ ಒತ್ತಿದರೆ ಮುಂದುವರಿಸಿ. ಬಾಲ ಬಡಿದರೆ, ಬೆನ್ನಿನ ಚರ್ಮ ನಡುಗಿದರೆ ಕೈ ತೆಗೆಯಿರಿ.

ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಆ ಬೆಕ್ಕಿನ ಲಸಿಕೆಯ ದಾಖಲೆ ಕೇಳಿ ಪಡೆದು, ಅಂದೇ ವೈದ್ಯರನ್ನು ಕಾಣಿ. ಬೆಕ್ಕಿನ ಹಲ್ಲು ಸಪೂರ, ಗಾಯ ಚಿಕ್ಕದಾಗಿ ಕಂಡರೂ ಸೋಂಕು ಆಳಕ್ಕೆ ಇಳಿದಿರುತ್ತದೆ.

ಮನೆಯಲ್ಲಿ ಬೆಕ್ಕಿದ್ದವರು ಹಿಂತಿರುಗಿದ ಮೇಲೆ ಚಪ್ಪಲಿ ಹೊರಗೇ ಬಿಟ್ಟು, ಬಟ್ಟೆ ಬದಲಿಸಿ, ಕೈ ತೊಳೆದು ಆಮೇಲೆ ಅದನ್ನು ಮುಟ್ಟಿ. ಹುಳುಕಡ್ಡಿಯ ಬೀಜಕಣ ಬಟ್ಟೆಗೆ ಅಂಟಿಯೂ ಬರುತ್ತದೆ, ತಿಂಗಳುಗಟ್ಟಲೆ ಬದುಕುತ್ತದೆ. ಎರಡು ಮೂರು ವಾರದೊಳಗೆ ಚರ್ಮದ ಮೇಲೆ ಉಂಗುರದಂಥ ಕೆಂಪು ಗುರುತು ಎದ್ದರೆ ವೈದ್ಯರಿಗೆ ತೋರಿಸಿ, ಕೆಫೆಗೂ ಫೋನ್ ಮಾಡಿ ತಿಳಿಸಿ. ಅಲ್ಲಿನ ಬೆಕ್ಕುಗಳ ತಪಾಸಣೆ ಅವತ್ತೇ ಶುರುವಾಗಬೇಕು.